ಕಂಬವಿಲ್ಲದೆ

ಕೂತೇ ಹಿಡಿಯಬಹುದು ಮೀನು. ಎಲ್ಲರೂ ಹಾಗೇ ಹಿಡಿಯುವುದು.
ಗುತ್ಯಪ್ಪ ನಲವತ್ತು ವರ್ಷ ತೆಪ್ಪದಲ್ಲಿ ಕುಕ್ಕರುಗಾಲಲ್ಲಿ ಕೂತೇ
ಮೂರು ಹೆಣ್ಣುಮಕ್ಕಳ ಮದುವೆ ಮಾಡಿದ.
ನನಗೇ ಈ ಹುಚ್ಚು:
ಹಸಿರುಮಕ್ಕಿ ಕಡವಿನಾಚೆ, ಲಾಂಚಿನ ಅಲೆ ಮುಟ್ಟದ ಮೂಲೆಯಲ್ಲಿ,
ಎರಡೂವರೆ ಅಡಿ ಅಗಲದ ಕಯಾಕಿನ ಮೇಲೆ
ಎದ್ದು ನಿಲ್ಲಬೇಕು.

ಕಯಾಕು ಬೇಸಿಗೆ ಶಿಬಿರದವರದು.
ಅಡಿ ಸೀಳಿತೆಂದು ಶೆಡ್ಡಿನ ಹಿಂದೆ ಎಸೆದಿದ್ದರು.
ಎರಡು ಸಾವಿರ ಕೊಟ್ಟೆ. ಕಾದ ಕತ್ತಿಯಲ್ಲಿ
ಒಡೆದ ಕೊಡದ ಚೂರು ಕರಗಿಸಿ ಬೆಸೆದೆ.
ಕಿತ್ತಳೆ ಮೈಮೇಲೆ ಈಗ ಒಂದು ನೀಲಿ ಗಾಯ.

ಹದಿನಾಲ್ಕು ವರ್ಷ ಲೈನ್‌ಮನ್ ಆಗಿದ್ದೆ.
ನಿಲ್ಲುವುದಕ್ಕೇ ಸಂಬಳ.
ಸೊಂಟಕ್ಕೆ ಬೆಲ್ಟು, ಜೇಬಲ್ಲಿ ಪ್ಲೇಯರು,
ಕಂಬದ ತುದಿಯಿಂದ ಕಾಣುವ ಊರು ಬೇರೆಯೇ ಊರು:
ಹೆಂಚಿನ ಮೇಲೆ ಒಣಗಿದ ಚೆಂಡು, ಯಾರದೋ ಒಂಟಿ ಚಪ್ಪಲಿ,
ಮುಚ್ಚದ ಬಾವಿಯೊಳಗೆ ಆಕಾಶದ ಬಿಲ್ಲೆ.
ಆಮೇಲೆ ಒಂದು ಸಂಜೆ, ಆನಂದಪುರದ ಹತ್ತಿರ,
ಯಾರದೂ ಏನೂ ತಪ್ಪಿಲ್ಲ, ಬಿದ್ದೆ.
ಕಾಲು ಕೂಡಿತು. ಕಿವಿಯೊಳಗಿನ ರಸಮಟ್ಟ ಕೂಡಲಿಲ್ಲ.
ಈಗ ಬಿಲ್ಲಿನ ಕೌಂಟರು, ಗಾಜಿನ ಅರ್ಧಚಂದ್ರ ಕಿಂಡಿ.
ಮನೆಯಲ್ಲಿ ಬಲ್ಬು ಬದಲಿಸಲೂ
ಹೆಂಡತಿಯೇ ಸ್ಟೂಲು ಹತ್ತುತ್ತಾಳೆ,
ನಾನು ಸ್ಟೂಲು ಹಿಡಿದುಕೊಂಡಿರುತ್ತೇನೆ.

“ನಿಲ್ಲಾದು ಕಾಲಲ್ಲಲ್ಲ ಮಾರಾಯ, ಸೊಂಟದಲ್ಲಿ!”
ಗುತ್ಯಪ್ಪ ದಡದಿಂದ ಕೂಗುತ್ತಿದ್ದ.
“ಕಾಲನ್ನ ದೋಣಿಗೆ ಬಿಡು, ತಲೆ ನಿನ್ನತ್ರ ಇಟ್ಕ.
ನೀರು ನೋಡ್ಬ್ಯಾಡ, ಆ ಬೊಡ್ಡೆ ನೋಡು.”
ಮೊದಲ ಭಾನುವಾರ ನಾಲ್ಕು ಸಲ ಬಿದ್ದೆ.
ಎರಡನೆಯ ಭಾನುವಾರ ಮೂರೇ, ಆದರೆ ಕನ್ನಡಕ ಹೋಯಿತು.
ಪ್ರತಿ ಸಲವೂ ಅವನು ಬೀಡಿ ಬಾಯಿಂದ ತೆಗೆದು
ಮರ್ಯಾದೆಯಿಂದ ನಕ್ಕ.

ಮೊದಲ ಅಡ್ಡಮಳೆ ಬಿದ್ದ ವಾರ. ಬೆಳಿಗ್ಗೆ ಆರೂವರೆ.
ಮೊದಲು ಮಂಡಿ. ಆಮೇಲೆ ಒಂದು ಪಾದ.
ಹುಟ್ಟು ಅಡ್ಡ ಇಟ್ಟು, ಎರಡೂ ಅಂಗೈ ಊರಿ,
ಹಿಟ್ಟು ಹುದುಗುವ ಹಾಗೆ ಏಳಬೇಕು.
ಕಯಾಕು ಒಮ್ಮೆ ಎಡಕ್ಕೆ ಕೇಳುತ್ತದೆ, ಒಮ್ಮೆ ಬಲಕ್ಕೆ.
ಸೊಂಟ ಉತ್ತರ ಹೇಳುತ್ತದೆ.
ನಡುವೆ ನಾನು ಬಾಯಿ ಹಾಕಬಾರದು.

ನಿಂತೆ.

ಕೂತಾಗ ನೀರು ಕಣ್ಣಿಗೆ ಹೊಡೆಯುವ ತಗಡು.
ನಿಂತರೆ ತಗಡು ಸರಿದು ಒಳಮನೆ ಕಂಡಿತು:
ಕಪ್ಪು ಬೊಡ್ಡೆಗಳ ಸಂದಿಯಲ್ಲಿ ಯಾವುದೋ ಗದ್ದೆಯ ಬದು,
ಬದುವಿನ ಗುಂಟ, ಗಸ್ತಿಗೆ ಬಂದವನಂತೆ,
ಮೊಳದುದ್ದದ ಕೊರವ, ಕಿವಿರು ಮಾತ್ರ ಆಡಿಸುತ್ತ,
ಅದರ ನೆತ್ತಿಯ ಮೇಲೆ ಕುದಿಯುವ ಕೆಂಪು ಮರಿಗಳ ಮುದ್ದೆ.

ಮರಿಯಿರುವ ಕೊರವ ಏನು ಹಾಕಿದರೂ ಕಚ್ಚುತ್ತದೆ,
ಹಸಿವಿಗಲ್ಲ, ಸಿಟ್ಟಿಗೆ. ಗುತ್ಯಪ್ಪ ಹೇಳಿದ್ದ.
ಹೇಳಿ ಆಚೆ ಉಗಿದಿದ್ದ.
ಪಾದ ಕದಲಿಸದೆ ಭುಜವಷ್ಟೇ ತಿರುಗಿಸಿ
ಇನ್ನೊಂದು ಮಗ್ಗುಲಿಗೆ ಗಾಳ ಎಸೆದೆ.

ಎಳೆತ ಬಂತು. ದಾರ ಬಿಗಿದು ಸಣ್ಣಗೆ ಗುಂಯ್‌ಗುಟ್ಟಿತು.
ಗೊತ್ತು ನನಗೆ ಆ ಸದ್ದು.
ಮಳೆ ಬಿಟ್ಟ ರಾತ್ರಿ, ಫ್ಯೂಸು ಹಾಕಿದ ಮರುಕ್ಷಣ,
ತಂತಿ ಮಾತಾಡುತ್ತದಲ್ಲ, ಅದು.
ಆರು ವರ್ಷದ ಮೇಲೆ ನನ್ನ ಕೈಯಲ್ಲಿ
ಜೀವವಿರುವ ಲೈನು.
ತೋಳಿಂದ ಬೆನ್ನಿಗೆ, ಬೆನ್ನಿಂದ ಅಂಗಾಲಿಗೆ ಇಳಿದು
ನೀರಿಗೆ ಹೋಯಿತು. ಅರ್ಥಿಂಗ್ ಸರಿಯಿತ್ತು.

ಬಂದದ್ದು ಅಂಗೈ ಅಗಲದ ಜಿಲೇಬಿ.
ಬೆಕ್ಕಿಗಾಯ್ತು ಬಿಡು ಎನ್ನುತ್ತಿದ್ದ ಗುತ್ಯಪ್ಪ.
ಮೈ ತಿರುಗಿಸುವ ಧೈರ್ಯವಿಲ್ಲ, ಕತ್ತು ಹೊರಳಿಸಿದೆ:
ತೆಪ್ಪ ಬೋರಲು ಬಿದ್ದಿದೆ, ಅವನಿಲ್ಲ,
ಚಹಾಕ್ಕೆ ಹೋಗಿರಬೇಕು.

ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಒದ್ದಾಡುವ ಮೀನು,
ಹುಟ್ಟು ಕಾಲಬುಡದಲ್ಲಿ, ಬಿಸಿಲು ಬೊಡ್ಡೆ ದಾಟಿ ಬರುತ್ತಿದೆ.
ಏಳುವುದನ್ನು ಹೇಳಿಕೊಟ್ಟಿದ್ದ.
ಮತ್ತೆ ಕೂರುವುದು ಹೇಗೆಂದು
ನಾನೂ ಕೇಳಿರಲಿಲ್ಲ.